ಕಾಶಿಯ ಶಿವಾಲವೂ ಕಚೇರಿಯ ಅರಳಿಕಟ್ಟೆಯೂ

ಕಾಶಿಯಾತ್ರೆಯನ್ನು ಮುಗಿಸಿ ಬಂದ ಕನ್ನಡಿಗರಲ್ಲಿ ಅನೇಕರಿಗೆ ಅಲ್ಲಿನ ಕರ್ನಾಟಕ ಘಾಟಿನ ಪರಿಚಯವಿರುತ್ತದೆ. ಹಿಂದೆ ಅದಕ್ಕೆ ಮೈಸೂರು ಘಾಟ್ ಎಂದು ಹೆಸರಿದ್ದಿತು. 20ನೆಯ ಶತಮಾನದ ಆದಿಭಾಗದಲ್ಲಿ ಮೈಸೂರು ಸಂಸ್ಥಾನದವರು ಕಟ್ಟಿಸಿದ ಸೋಪಾನಗಳು ಅವು. ಊರು ಬಿಟ್ಟು ನೂರಾರು ಹರದಾರಿ ಬಂದವನು ಗಂಗೆಯ ದಡದಲ್ಲಿ ಆ ಹೆಸರನ್ನು ಓದಿದಾಗ, ತವರಿನ ಅಂಗಳದಲ್ಲಿ ನಿಂತಂತೆ ಅವನಿಗೆ ಅನಿಸುವುದು ಸಹಜವೇ. ಕಾಶಿಗೂ ನಮಗೂ ಇರುವ ನಂಟು ಹಳೆಯದು. ಜಂಗಮವಾಡಿ ಮಠದ ಬಾಗಿಲಲ್ಲಿ ಇಂದಿಗೂ ಕನ್ನಡದ ಮಾತು ಕಿವಿಗೆ ಬೀಳುತ್ತದೆ. ಅಲ್ಲಿನ ಹಿಂದೂ ವಿಶ್ವವಿದ್ಯಾನಿಲಯದ ಪ್ರಥಮ ಛಾನ್ಸಲರ್ ಆಗಿದ್ದವರು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು.

ಕರ್ನಾಟಕ ಘಾಟಿನಿಂದ ನದಿಯ ಅಂಚಿನಲ್ಲಿಯೇ ದಕ್ಷಿಣಕ್ಕೆ ನಡೆದು ಹನುಮಾನ್ ಘಾಟ್, ದಂಡೀ ಘಾಟ್, ಗುಲರಿಯಾ ಘಾಟ್‌ಗಳನ್ನು ದಾಟಿದರೆ ಶಿವಾಲಾ ಘಾಟ್ ಸಿಕ್ಕುತ್ತದೆ. ಇನ್ನೂ ಸ್ವಲ್ಪ ಮುಂದಕ್ಕೆ ಹೋದರೆ ನೀರಿನಿಂದಲೇ ಎದ್ದು ನಿಂತಂತಿರುವ ಚೇತಸಿಂಹನ ಕೋಟೆ. ಯಾತ್ರಿಕರು ಸಾಮಾನ್ಯವಾಗಿ ಇಲ್ಲಿ ನಿಲ್ಲುವುದಿಲ್ಲ. ಅವರ ಮನಸ್ಸು ವಿಶ್ವನಾಥನ ಗುಡಿಯ ಕಡೆಗಿರುತ್ತದೆ. ಆದರೆ ಈ ಶಿವಾಲವು ವ್ಯಾಪಾರದ ಚರಿತ್ರೆಯಲ್ಲಿ ಆಸಕ್ತಿಯುಳ್ಳವನು ಒಂದು ಗಳಿಗೆ ಕುಳಿತು ಯೋಚಿಸತಕ್ಕ ಸ್ಥಳ. ದೊಡ್ಡದೊಂದು ವ್ಯಾಪಾರಸಂಸ್ಥೆ ತನ್ನ ಸುತ್ತಲಿನವರ ಮಾತನ್ನು ಕೇಳದೆಹೋದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮ ದೇಶದಲ್ಲಿ ಅಪರೂಪ.

ಈ ವಿಷಯವನ್ನು ಸಂಘದ ಸಂಚಿಕೆಗೆ ಆರಿಸಿಕೊಂಡದ್ದಕ್ಕೆ ಕಾರಣವುಂಟು. ನಮ್ಮ ಸಂಘದ ಸದಸ್ಯರಲ್ಲಿ ಬಹುಮಂದಿ ಇಂದು ಒಂದಲ್ಲ ಒಂದು ಸಂಸ್ಥೆಯ ಉದ್ಯೋಗಿಗಳು. ಅವರ ಕಚೇರಿಗಳಲ್ಲೆಲ್ಲ ಈಗ ಸಾಮಾಜಿಕ ಜಾಲತಾಣಗಳ ಮಾದರಿಯ ತಂತ್ರಾಂಶಗಳು ಬಂದಿವೆ. ಇವು ಲೋಕಕ್ಕೆಲ್ಲ ತೆರೆದ ತಾಣಗಳಲ್ಲ. ಒಂದು ಸಂಸ್ಥೆಯ ಒಳಗಿನವರು ಮಾತ್ರ ಕೂಡುವ ಅರಳಿಕಟ್ಟೆಗಳು. ಗುಮಾಸ್ತನು ಬರೆದದ್ದನ್ನು ಮೇನೇಜರನು ಓದಬಹುದು. ಬೆಂಗಳೂರಿನವನು ಕೇಳಿದ ಪ್ರಶ್ನೆಗೆ ಪುಣೆಯವನು ಉತ್ತರ ಕೊಡಬಹುದು. ಒಬ್ಬನು ಬರೆದಿಟ್ಟ ಪುಟವನ್ನು ಇನ್ನೊಬ್ಬನು ತಿದ್ದಬಹುದು. ಇದು ತೀರ ಹೊಸದು, ಹಿಂದಿನವರು ಕಂಡರಿಯದ್ದು ಎಂದು ಕೆಲವರ ಎಣಿಕೆ. ಯಂತ್ರ ಹೊಸದು, ನಿಜ. ಆದರೆ ವ್ಯಾಪಾರದೊಳಗೆ ಜನ ತಮ್ಮತಮ್ಮಲ್ಲಿ ಜಾಲ ಹೆಣೆದುಕೊಳ್ಳುವುದು ಬಹಳ ಹಳೆಯ ಸಂಗತಿ. ಆ ಹಳೆಯ ಜಾಲಗಳು ಏಕೆ ನಿಂತವು, ಏಕೆ ಹರಿದವು ಎಂಬುದನ್ನು ತಿಳಿದುಕೊಂಡರೆ ಈಗಿನವುಗಳ ಗುಣದೋಷ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಪೀಠಿಕೆ ಇಷ್ಟು ಸಾಕು.

ಕ್ರಿ. ಶ. 1775ರಲ್ಲಿ ಅಯೋಧ್ಯೆಯ ನವಾಬನು ಬನಾರಸ್ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಅಲ್ಲಿನ ರಾಜಾ ಚೇತಸಿಂಹನು ಕಂಪನಿಗೆ ವರ್ಷಕ್ಕೆ ಇಪ್ಪತ್ತೆರಡೂವರೆ ಲಕ್ಷ ರೂಪಾಯಿ ಕೊಡತಕ್ಕದ್ದೆಂದು ಗೊತ್ತಾಯಿತು. 1778ರಲ್ಲಿ ಫ್ರೆಂಚರೊಡನೆ ಯುದ್ಧ ಹತ್ತಿದಾಗ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನು ಮೇಲೆ ಐದು ಲಕ್ಷ ಕೇಳಿದನು. ಮರುವರ್ಷ ಮತ್ತೆ ಐದು ಲಕ್ಷ. ಅದರ ಮರುವರ್ಷ ಮತ್ತೆ. ಅಷ್ಟರಲ್ಲಿ 1780ರಲ್ಲಿ ನಮ್ಮ ಹೈದರಾಲಿಯು ಕರ್ನಾಟಕದ ಘಟ್ಟಗಳನ್ನಿಳಿದು ಪೊಳ್ಳಿಲೂರಿನಲ್ಲಿ ಇಂಗ್ಲಿಷರ ದಂಡನ್ನು ನುಚ್ಚುನೂರು ಮಾಡಿದ್ದನು. ಮರಾಠರೊಡನೆಯೂ ಕಾಳಗ ನಡೆದಿದ್ದಿತು. ಕಂಪನಿಯ ಬೊಕ್ಕಸ ಬರಿದಾಗಿದ್ದಿತು. ಹೀಗಾಗಿ ಶಿವಾಲದಲ್ಲಿ ನಡೆದ ಕಥೆಯ ಒಂದು ಎಳೆ ಶ್ರೀರಂಗಪಟ್ಟಣದಲ್ಲಿಯೂ ಇದೆಯೆಂದು ನಾವು ಹೇಳಬಹುದಾಗಿದೆ.

ಹೇಸ್ಟಿಂಗ್ಸನು ಸಣ್ಣದೊಂದು ಕಾವಲುಪಡೆಯೊಡನೆ 1781ನೆಯ ಆಗಸ್ಟ್ 14ರಂದು ಕಾಶಿಗೆ ಬಂದನು. 16ರಂದು ಚೇತಸಿಂಹನನ್ನು ಶಿವಾಲದ ಅವನ ಅರಮನೆಯಲ್ಲಿಯೇ ಸೆರೆಯಲ್ಲಿಡುವಂತೆ ಆಜ್ಞೆಯಾಯಿತು. ಎರಡು ಕಂಪನಿ ಸಿಪಾಯಿಗಳು ಅರಮನೆಯನ್ನು ಹೊಕ್ಕರು. ಅವರ ಬಳಿ ಬಂದೂಕಗಳಿದ್ದವು, ಮದ್ದುಗುಂಡು ಇರಲಿಲ್ಲ! ಮದ್ದುಗುಂಡು ಹೊತ್ತ ಇನ್ನೊಂದು ಪಡೆ ಹಿಂದಿನಿಂದ ಬರುವ ವೇಳೆಗೆ ಕೋಟೆಯ ಸುತ್ತ ಜನ ಮುತ್ತಿದ್ದರು. ರಾಜನಿಗೆ ಆದ ಅವಮಾನದ ಸುದ್ದಿ ಗಲ್ಲಿಯಿಂದ ಗಲ್ಲಿಗೆ ಹಾರಿ, ಹೊಳೆ ದಾಟಿ ರಾಮನಗರವನ್ನು ಮುಟ್ಟಿ, ಅಲ್ಲಿಂದ ಆಯುಧಪಾಣಿಗಳು ದೋಣಿಯಲ್ಲಿ ಬಂದಿಳಿದಿದ್ದರು. ಒಳಗಿದ್ದ ಸಿಪಾಯಿಗಳಲ್ಲಿ ಬಹುಮಂದಿಯೂ ಅವರ ಮೂವರು ಲೆಫ್ಟಿನೆಂಟರೂ ಹತರಾದರು. ಆ ಗದ್ದಲದಲ್ಲಿ ಚೇತಸಿಂಹನು ರುಮಾಲುಗಳನ್ನು ಒಂದಕ್ಕೊಂದು ಗಂಟುಹಾಕಿ, ಕಿಟಕಿಯಿಂದ ನದಿಗೆ ಇಳಿಬಿಟ್ಟು, ದೋಣಿ ಹತ್ತಿ ಪಾರಾದನು. 21ರ ರಾತ್ರಿ ಹೇಸ್ಟಿಂಗ್ಸನೇ ಕಾಶಿಯಿಂದ ಚುನಾರಿನ ಕೋಟೆಗೆ ಓಡಬೇಕಾಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆ ಕಾಲದಲ್ಲಿ ಕಂಪನಿಯಷ್ಟು ಕಾಗದಪತ್ರವನ್ನು ಬರೆಯುತ್ತಿದ್ದ ವ್ಯಾಪಾರಸಂಸ್ಥೆ ಪ್ರಪಂಚದಲ್ಲಿ ಮತ್ತೊಂದಿದ್ದಿತೋ ಇಲ್ಲವೋ. ಸಭೆಯ ಪ್ರತಿಯೊಂದು ಮಾತನ್ನೂ ದಾಖಲೆ ಮಾಡಿ ಪ್ರತಿ ತೆಗೆದು ಹಡಗಿನಲ್ಲಿ ಲಂಡನ್ನಿಗೆ ಕಳುಹಿಸುತ್ತಿದ್ದರು. ಆದರೆ ಆ ಕಾಗದವೆಲ್ಲ ಮೇಲಿನವರಿಂದ ಕೆಳಗಿನವರಿಗೆ, ಕೆಳಗಿನವರಿಂದ ಮೇಲಿನವರಿಗೆ ನೆಟ್ಟಗೆ ಓಡಾಡುತ್ತಿದ್ದಿತೇ ಹೊರತು ಅಡ್ಡಕ್ಕೆ ಹರಿಯುತ್ತಿರಲಿಲ್ಲ. ಶಿವಾಲದ ಗಲ್ಲಿಯ ಅಂಬಿಗನಿಗೆ, ನೇಕಾರನಿಗೆ, ಹಾಲಿನವನಿಗೆ ತಿಳಿದದ್ದು ಗವರ್ನರ್ ಜನರಲನಿಗೆ ತಿಳಿಯಲಿಲ್ಲ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎಂಬ ಗಾದೆ ನಮ್ಮಲ್ಲಿದೆ. ಊರ ಬಾಯನ್ನು ಮುಚ್ಚಲಾಗದವನು ಅದಕ್ಕೆ ಕಿವಿಯನ್ನಾದರೂ ಕೊಡಬೇಕಷ್ಟೆ. ಹೇಸ್ಟಿಂಗ್ಸನು ಕೊಡಲಿಲ್ಲ.

ವಿನೋದವೆಂದರೆ, ಕಡೆಗೆ ಅವನನ್ನು ಉಳಿಸಿದ್ದೂ ಈ ದೇಶದವರ ಕಿವಿಯೇ! ಮುತ್ತಿಗೆಯ ಆ ದಿನಗಳಲ್ಲಿ ಹೊರಗಿನ ದಂಡಿಗೆ ಸುದ್ದಿ ಮುಟ್ಟಿಸುವುದು ಕಷ್ಟವಾಗಿದ್ದಿತು. ನಮ್ಮ ಜನ ಪ್ರಯಾಣ ಹೊರಟಾಗ ಕಳ್ಳರ ಭಯಕ್ಕೆ ಚಿನ್ನದ ಕಡುಕನ್ನು ತೆಗೆದಿಟ್ಟು, ಕಿವಿಯ ತೂತು ಮುಚ್ಚದಿರಲೆಂದು ಗರಿಯ ತುಂಡನ್ನೋ ಕಾಗದದ ಸುರುಳಿಯನ್ನೋ ಸಿಕ್ಕಿಸಿಕೊಳ್ಳುತ್ತಿದ್ದರು. ಹೇಸ್ಟಿಂಗ್ಸನು ತನ್ನ ಪತ್ರಗಳನ್ನು ಸಣ್ಣಗೆ ಸುತ್ತಿಸಿ ದೂತರ ಕಿವಿಯಲ್ಲಿ ಇಡಿಸಿದನೆಂದು ಮೆಕಾಲೆ ಬರೆದಿದ್ದಾನೆ. ಒಂದು ಸೇನಾಪತಿಗಳಿಗೆ, ಒಂದು ಹೆಂಡತಿಗೆ, ಒಂದು ಮರಾಠರ ಬಳಿಗೆ ಕಳುಹಿಸಿದ್ದ ರಾಯಭಾರಿಗೆ. ಮೊಹರು ಒತ್ತಿದ ಲಕೋಟೆಗೆ ಆಗದ ಕೆಲಸ, ಹೆಸರೇ ಉಳಿಯದ ಬಡವನೊಬ್ಬನ ಕಿವಿಯಿಂದ ಆಯಿತು. ದೂತನು ನಂಬಿಕಸ್ತನಾಗಿದ್ದನು ಎಂಬುದೇ ಅದರ ಗುಟ್ಟು.

ಇದೇ ಕಾಶಿಯಲ್ಲಿ, ಇದೇ ಕಾಲದಲ್ಲಿ, ನಂಬಿಕೆಯ ಮೇಲೆಯೇ ನಿಂತಿದ್ದ ಇನ್ನೊಂದು ಜಾಲವಿದ್ದಿತು. ಅದು ಸಾಹುಕಾರರದು. ನಗರದ ಹಿರಿಯ ಲೇವಾದೇವಿ ಮನೆತನಗಳ ಕೂಟಕ್ಕೆ ನೌಪಟ್ಟಿ ಎಂದು ಹೆಸರು. ಒಂಬತ್ತು ಮನೆತನಗಳದೆಂದು ಆ ಹೆಸರು ಬಂದಿತು. ಒಬ್ಬರಿಗೊಬ್ಬರು ವ್ಯಾಪಾರದಲ್ಲಿ ಪೈಪೋಟಿಗಾರರೇ ಆಗಿದ್ದರೂ ಕೊಡುಕೊಳ್ಳುವ ತಕರಾರುಗಳನ್ನು ಅವರು ಕೂಡಿ ತೀರ್ಮಾನಿಸುತ್ತಿದ್ದರು. ಗೋಪಾಲದಾಸ ಸಾಹುವಿನಂಥವರ ಕೋಠಿಗಳಿಗೆ ದೂರದೂರದ ಪಟ್ಟಣಗಳಲ್ಲಿ ಗದ್ದಿಗಳಿದ್ದವು. ಒಂದೊಂದರಲ್ಲಿಯೂ ಒಬ್ಬ ಮುನೀಮ. ಮುನೀಮರ ಪತ್ರಗಳು ಎಡೆಬಿಡದೆ ಬರುತ್ತಿದ್ದವು. ಯಾವ ಊರಿನಲ್ಲಿ ಹಣದ ಬಿಗಿ, ಯಾವ ಮನೆಯ ಪತ್ತು ಇಳಿಯುತ್ತಿದೆ, ಎಲ್ಲಿ ಮಳೆ ಹೋಯಿತು, ಯಾರ ಮಗಳ ಮದುವೆ ಯಾರ ಮಗನೊಡನೆ, ಎಲ್ಲವೂ ಆ ಪತ್ರಗಳಲ್ಲಿ ಬೆರೆತಿರುತ್ತಿದ್ದವು. ಇಂದಿನ ಕಚೇರಿಯ ಜಾಲತಾಣದಲ್ಲಿ ಲೆಕ್ಕಪತ್ರದ ಜೊತೆಗೆ ಹುಟ್ಟುಹಬ್ಬದ ಹಾರೈಕೆಯೂ ಬರುವುದನ್ನು ಕಂಡು ಹಿರಿಯ ಅಧಿಕಾರಿಗಳು ಕೆಲವರು ಮುಖ ಗಂಟಿಕ್ಕುತ್ತಾರೆ. ಕಾಶಿಯ ಸಾಹುಕಾರನು ಹಾಗೆ ಮಾಡುತ್ತಿರಲಿಲ್ಲ. ಮನೆಯ ಸುದ್ದಿಯನ್ನು ತಿಳಿದವನಿಗೇ ಪತ್ತಿನ ಸುದ್ದಿಯೂ ತಿಳಿಯುತ್ತದೆಂಬುದನ್ನು ಅವನು ಬಲ್ಲವನಾಗಿದ್ದನು.

ಈ ಜಾಲದಲ್ಲಿ ಹರಿಯುತ್ತಿದ್ದ ಮುಖ್ಯ ಪತ್ರವೇ ಹುಂಡಿ. ಕಂಡೊಡನೆ ಹಣ ಕೊಡತಕ್ಕದ್ದು ದರ್ಶನಿ ಹುಂಡಿ. ಗಡುವಿನ ಮೇಲೆ ಕೊಡತಕ್ಕದ್ದು ಮುದ್ದತಿ ಹುಂಡಿ. ಹಣ ಪಾವತಿಯಾದ ಹುಂಡಿಗೆ ಖೋಖಾ ಎನ್ನುತ್ತಿದ್ದರು. ದಾರಿಯಲ್ಲಿ ಹುಂಡಿ ಕಳೆದುಹೋದರೆ ಪೈಠ್ ಎಂಬ ಎರಡನೆಯ ಪ್ರತಿ ಬರೆಯುವ ಪದ್ಧತಿಯೂ ಇದ್ದಿತು. ಕಾಶಿಯಲ್ಲಿ ಬರೆದ ಚೂರು ಕಾಗದಕ್ಕೆ ಸೂರತ್ತಿನಲ್ಲಿ ಸಾವಿರಾರು ರೂಪಾಯಿ ಎಣಿಸಿಕೊಡುತ್ತಿದ್ದರು. ಕಡೆಕಡೆಗೆ ಕಂಪನಿಯೂ ಇದಕ್ಕೆ ಕೈಚಾಚಿತು. ಬಂಗಾಳದ ಹಣವನ್ನು ಮುಂಬಯಿಯ ಖರ್ಚಿಗೆ ಸಾಗಿಸಲು ಕಾಶಿಯ ಗೋಪಾಲದಾಸನ ಮನೆತನ ಮತ್ತು ಸೂರತ್ತಿನ ಅರ್ಜುನಜೀ ನಾಥಜಿಯ ಮನೆತನಗಳ ಹುಂಡಿಗಳನ್ನು ಅದು ಅವಲಂಬಿಸಿತು. ಅದೇ ಮುಂಬಯಿಯ ಸೈನ್ಯ 1792ರಲ್ಲಿ ಕೊಡಗಿನ ಮಾರ್ಗವಾಗಿ ಬಂದು ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಸೇರಿತೆಂಬುದನ್ನು ಇಲ್ಲಿ ನೆನೆಯಬಹುದು. ಫಿರಂಗಿಯುಳ್ಳವನು ಪತ್ತುಳ್ಳವನ ಬಾಗಿಲಿಗೆ ಬಂದನು. ಜಾಲದ ಶಕ್ತಿ ಅಂಥದು.

ಆದರೆ ನೌಪಟ್ಟಿಗೂ ಒಂದು ದೋಷವಿದ್ದಿತು. ಒಂಬತ್ತು ಮನೆತನಗಳ ಆಚೆಗೆ ಬಾಗಿಲು ತೆರೆಯಲಿಲ್ಲ. ಹೊಸಬರು, ಜಾಣರು ಹೊರಗೇ ನಿಂತರು. ಕಾಲಕ್ರಮದಲ್ಲಿ ಅದು ವ್ಯವಹಾರದ ಕೂಟವೆನ್ನುವುದಕ್ಕಿಂತ ಮರ್ಯಾದೆಯ ಬಿರುದಾಗಿ ಉಳಿಯಿತು. ಹೊಸ ನೀರು ಬಾರದ ಕೆರೆ ಪಾಚಿಗಟ್ಟುವುದು ಎಲ್ಲಿಯಾದರೂ ಒಂದೇ.

ಸಾಹುಕಾರರ ಜಾಲವನ್ನು ನೋಡಿದೆವು. ದುಡಿಯುವವರ ಜಾಲ ಇದಕ್ಕಿಂತ ದೊಡ್ಡದು. 1810ರಲ್ಲಿ ಕಂಪನಿಯ ಸರಕಾರ ಮನೆಗಳ ಮೇಲೆ ತೆರಿಗೆ ಹಾಕಿತು. ಆ ವರ್ಷದ ಡಿಸೆಂಬರಿನಲ್ಲಿ ಕಾಶಿಯ ಅಂಗಡಿಗಳು ಮುಚ್ಚಿದವು. ಕಮ್ಮಾರರು, ನೇಕಾರರು, ಕ್ಷೌರಿಕರು, ದರ್ಜಿಗಳು, ಪಲ್ಲಕ್ಕಿ ಹೊರುವವರು ಎಲ್ಲರೂ ಕೆಲಸ ಬಿಟ್ಟು ಬಯಲಿನಲ್ಲಿ ಧರಣಿ ಕುಳಿತರು. ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ಜನ ಕೂಡಿದ್ದರೆಂದು ಅಧಿಕಾರಿಗಳೇ ಬರೆದುಕೊಂಡರು. ಮನೆಗೊಬ್ಬರು ಬರಬೇಕೆಂದು ಹಳ್ಳಿಹಳ್ಳಿಗೆ ಧರ್ಮಪತ್ರಿ ಎಂಬ ಓಲೆ ಹೋಯಿತು. ಸರಕಾರದ ಕಾಗದಗಳಲ್ಲಿ ಹೂತಿದ್ದ ಈ ವೃತ್ತಾಂತವನ್ನು ಧರ್ಮಪಾಲರು 1971ರಲ್ಲಿ ಪ್ರಕಟಿಸಿದರು. ಆ ಜನರ ಕೈಯಲ್ಲಿ ಯಾವ ಯಂತ್ರವೂ ಇರಲಿಲ್ಲ. ಒಂದೊಂದು ಕಸುಬಿಗೂ ಅದರ ಪಂಚಾಯಿತಿ, ಒಂದೊಂದು ಪಂಚಾಯಿತಿಗೂ ಅದರ ಸರದಾರ, ಸರದಾರನ ಮಾತಿಗೆ ಬೆಲೆ: ಇಷ್ಟೇ ಅವರ ಸಾಧನ. ಕಡೆಗೆ 1812ರಲ್ಲಿ ಸರಕಾರವೇ ಆ ಕಾಯಿದೆಯನ್ನು ರದ್ದುಮಾಡಿತು.

ಆ ಪಂಚಾಯಿತಿಗಳಲ್ಲಿ ನೇಕಾರರದು ಇಂದಿಗೂ ಬದುಕಿದೆ. ಶಿವಾಲದಿಂದ ಉತ್ತರಕ್ಕೆ ಸ್ವಲ್ಪ ದೂರ ನಡೆದರೆ ಮದನಪುರ. ಮನೆಮನೆಯಲ್ಲಿಯೂ ಜರತಾರಿ ರೇಷ್ಮೆಯ ಕಸುಬು, ಇಲ್ಲವೆ ಅದರ ವ್ಯಾಪಾರ. ಕಾಶಿಯ ಅನ್ಸಾರಿ ನೇಕಾರರ ಸಂಘಟನೆಗಳಲ್ಲಿ ಬಾವನೀ ಎಂಬುದೊಂದು. ಐವತ್ತೆರಡು ಮೊಹಲ್ಲಾಗಳ ಕೂಟವೆಂದು ಅದರ ಅರ್ಥ. ಅಗಹನ ಮಾಸದ, ಎಂದರೆ ನಮ್ಮ ಮಾರ್ಗಶಿರದ ಹೊತ್ತಿನ, ಒಂದು ಶುಕ್ರವಾರ ಎಲ್ಲರೂ ಮಗ್ಗ ನಿಲ್ಲಿಸಿ ಈದ್ಗಾದಲ್ಲಿ ಕೂಡಿ ಪ್ರಾರ್ಥನೆ ಸಲ್ಲಿಸುತ್ತಾರೆ. ಕಸುಬಿಗೆ ಕಂಟಕ ಬಂದಾಗ ಮುರ್ರಿ ಬಂದ್ ಎಂಬ ಕರೆ ಹೊರಡುತ್ತದೆ. ಮಗ್ಗದ ಸದ್ದು ಗಲ್ಲಿಯಿಂದ ಗಲ್ಲಿಗೆ ಅಡಗುತ್ತ ಹೋಗುತ್ತದೆ. 2020ರಲ್ಲಿ ವಿದ್ಯುನ್ಮಗ್ಗಗಳ ಏಕರೂಪ ದರವನ್ನು ತೆಗೆದುಹಾಕಿದ ಪ್ರಶ್ನೆ ಎದ್ದಾಗಲೂ ಹೀಗೆಯೇ ಆಯಿತು. ಹಿಂದೆ ಕರೆಯನ್ನು ಒಯ್ಯುತ್ತಿದ್ದವನು ಕಾಲಾಳು. ಈಗ ಮೊಬೈಲೂ ಒಯ್ಯುತ್ತದೆ. ಆದರೆ ಕರೆ ಯಾರದೆಂಬುದನ್ನು ನೋಡಿಯೇ ಜನ ಮಗ್ಗ ನಿಲ್ಲಿಸುತ್ತಾರೆ.

ಮದನಪುರದ ಮಗ್ಗಕ್ಕೂ ನಮ್ಮ ನಾಡಿಗೂ ಒಂದು ನೂಲಿನ ನಂಟುಂಟು. ಕಚ್ಚಾ ರೇಷ್ಮೆಯ ಉತ್ಪಾದನೆಯಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲನೆಯದು. ರಾಮನಗರ, ಶಿಡ್ಲಘಟ್ಟಗಳ ಗೂಡಿನ ಮಾರುಕಟ್ಟೆಯಿಂದ ಹೊರಟ ರೇಷ್ಮೆ ಕಾಶಿಯ ಸೀರೆಯಾಗುವುದುಂಟು. ಗೂಡು ಬೆಳೆದ ನಮ್ಮ ರೈತ, ನೂಲು ತೆಗೆದ ರೀಲರ್, ದಲಾಲಿ, ಕಾಶಿಯ ಗದ್ದೀದಾರ, ನೇಕಾರ, ಚೌಕದ ಕೋಠಿಯ ವ್ಯಾಪಾರಿ ಎಂಬ ಈ ಸರಪಣಿಯಲ್ಲಿ ಒಂದು ತುದಿಯವನಿಗೆ ಇನ್ನೊಂದು ತುದಿಯವನ ಮುಖ ಗೊತ್ತಿಲ್ಲ. ಇದೇ ದಾರಿಯನ್ನು ಹಿಡಿದು ನಾವೀಗ ಬೆಂಗಳೂರಿಗೆ ಬರೋಣ. ಏಕೆಂದರೆ ಕಚೇರಿಯ ಅರಳಿಕಟ್ಟೆಯನ್ನು ಯಂತ್ರದಲ್ಲಿ ಕಟ್ಟಲು ನಮ್ಮವರು ಮಾಡಿದ ಮೊದಮೊದಲ ಪ್ರಯತ್ನಗಳು ನಡೆದದ್ದು ಅಲ್ಲಿಯೇ.

ಶಿವಾಲದ ಗಲಭೆಗೆ ಸರಿಯಾಗಿ 200 ವರ್ಷ ತುಂಬಿದ 1981ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಸಂಸ್ಥೆ ಹುಟ್ಟಿ, 1983ರಲ್ಲಿ ಬೆಂಗಳೂರಿಗೆ ಬಂದಿತು. ಅಲ್ಲಿ 1992ರಲ್ಲಿಯೇ ಉದ್ಯೋಗಿಗಳು ತಮ್ಮ ಕೆಲಸದಲ್ಲಿ ಕಲಿತದ್ದನ್ನು ಬರೆದಿಡುವ ಏರ್ಪಾಟಾಯಿತು. ಒಬ್ಬನು ಎಡವಿದ ಕಲ್ಲಿಗೆ ಇನ್ನೊಬ್ಬನು ಎಡವಬಾರದೆಂಬುದು ಉದ್ದೇಶ. ಮುಂದೆ ಅದು ಕೆ-ಶಾಪ್ ಎಂಬ ಒಳತಾಣವಾಯಿತು. ಯಾರು ಬೇಕಾದರೂ ಬರೆಯಬಹುದು, ಬಲ್ಲವರು ಪರಿಶೀಲಿಸುವರು, ಓದಿದವರು ಅಂಕ ಕೊಡುವರು. ಬರೆಯುವವರ ಸಂಖ್ಯೆ ಸಾಲದೆಂದು ಅನಂತರ ಒಂದು ಉಪಾಯ ಹೂಡಿದರು. ಬರೆದವನಿಗೂ ಪರಿಶೀಲಿಸಿದವನಿಗೂ ಜ್ಞಾನದ ನಾಣ್ಯಗಳೆಂದು ಕರೆಯಬಹುದಾದ ಅಂಕಗಳು. ಅವನ್ನು ಕೂಡಿಸಿ ಬಹುಮಾನಕ್ಕೆ ಬದಲಿಸಿಕೊಳ್ಳಬಹುದು.

ಆಮೇಲೆ ನಡೆದದ್ದನ್ನು ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ ಎಂಬ ಇಬ್ಬರು ವಿದ್ವಾಂಸರು 2005ರಲ್ಲಿ ಸವಿಸ್ತಾರವಾಗಿ ಬರೆದಿದ್ದಾರೆ. ಬರಹಗಳ ಹೊಳೆಯೇ ಹರಿಯಿತು. ಪರಿಶೀಲಿಸುವವರ ತಲೆಯ ಮೇಲೆ ಹೊರೆ ಬಿದ್ದಿತು. ಸ್ನೇಹಿತನ ಬರಹಕ್ಕೆ ಸ್ನೇಹಿತನು ಮುಲಾಜಿನ ಅಂಕ ಕೊಡತೊಡಗಿದನು. ಗಟ್ಟಿಕಾಳು ಜೊಳ್ಳಿನಲ್ಲಿ ಮುಚ್ಚಿಹೋಗಿ, ಹುಡುಕುವವನಿಗೆ ಬೇಕಾದದ್ದು ಸಿಕ್ಕದಾಯಿತು. ಮೊದಲು ಸಹೋದ್ಯೋಗಿಗೆ ಸಹಾಯವಾಗಲೆಂದು ಬಾಯಿಮಾತಿನಲ್ಲಿಯೇ ಹೇಳಿಕೊಡುತ್ತಿದ್ದವನು ಈಗ ಅಂಕವೆಷ್ಟೆಂದು ಎಣಿಸುವಂತಾಯಿತು. ಸಂಸ್ಥೆಯವರ ಹೆಚ್ಚುಗಾರಿಕೆ ಎಲ್ಲಿದೆಯೆಂದರೆ, ಅವರು ಈ ತಪ್ಪನ್ನು ಬೇಗನೆ ಕಂಡುಕೊಂಡರು. ಹಣದ ಆಸೆಯನ್ನು ತಗ್ಗಿಸಿ, ಬರಹದಿಂದ ನಿಜವಾಗಿ ಯಾರಿಗೆ ಉಪಯೋಗವಾಯಿತು ಎಂಬುದಕ್ಕೆ ತೂಕ ಕೊಟ್ಟು, ಮೆಚ್ಚುಗೆಯನ್ನೇ ಬಹುಮಾನವನ್ನಾಗಿ ಮಾಡಿದರು. 2003ರಲ್ಲಿ ಈ ಕ್ಷೇತ್ರದ ಜಾಗತಿಕ ಪ್ರಶಸ್ತಿಯೊಂದು ಭಾರತದ ಸಂಸ್ಥೆಗಳಲ್ಲಿ ಮೊದಲಿಗೆ ಇವರಿಗೆ ಸಂದಿತು. ಲೋಕದ ದೊಡ್ಡದೊಡ್ಡ ಕಂಪನಿಗಳು ಅನಂತರ ಕಲಿತ ಪಾಠವನ್ನು ಬೆಂಗಳೂರಿನವರು ಮೊದಲೇ ಕಲಿತರೆಂಬುದು ನಮಗೆ ಹೆಮ್ಮೆಯ ವಿಷಯ.

ಹೊರಲೋಕದ ಕಥೆಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 1995ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವನು ಯಾರು ಬೇಕಾದರೂ ತಿದ್ದಬಹುದಾದ ವಿಕಿ ಎಂಬ ಪುಟವನ್ನು ತೆರೆದನು. 2006ರಲ್ಲಿ ಆಂಡ್ರೂ ಮೆಕಾಫೀ ಎಂಬ ಅಮೆರಿಕದ ಪ್ರಾಧ್ಯಾಪಕನು ಇಂಥ ಸಾಧನಗಳನ್ನು ಕಚೇರಿಗಳು ಬಳಸುವುದಕ್ಕೆ ಎಂಟರ್‌ಪ್ರೈಸ್ 2.0 ಎಂದು ಹೆಸರಿಟ್ಟನು. 2008ರಲ್ಲಿ ಯಾಮರ್ ಬಂದಿತು. 2012ರಲ್ಲಿ ಮೈಕ್ರೋಸಾಫ್ಟ್ ಅದನ್ನು 120 ಕೋಟಿ ಡಾಲರಿಗೆ ಕೊಂಡಿತು. ಅದರ ಮರುವರ್ಷ ಸ್ಲ್ಯಾಕ್ ಹೊರಬಂದಿತು. ಇವೆರಡರ ಹುಟ್ಟನ್ನು ನೋಡಬೇಕು. ವಂಶವೃಕ್ಷದ ತಾಣವೊಂದನ್ನು ನಡೆಸುತ್ತಿದ್ದವರು ತಮ್ಮೊಳಗಿನ ಮಾತಿಗೆ ಮಾಡಿಕೊಂಡದ್ದು ಯಾಮರ್. ಆಟದ ತಂತ್ರಾಂಶ ಮಾಡುತ್ತಿದ್ದವರು ತಮ್ಮ ಅನುಕೂಲಕ್ಕೆ ಕಟ್ಟಿಕೊಂಡದ್ದು ಸ್ಲ್ಯಾಕ್. ಆಟ ಸೋತಿತು, ಉಪಕರಣ ಗೆದ್ದಿತು. ತಮ್ಮ ಅಗತ್ಯಕ್ಕೆ ತಾವೇ ಹೆಣೆದುಕೊಂಡದ್ದು ಬಾಳಿತು. ಇನ್ನೊಂದು ಕಡೆ, ಸಾಮಾಜಿಕ ಜಾಲತಾಣಗಳಲ್ಲೆಲ್ಲ ದೊಡ್ಡದಾದ ಫೇಸ್‌ಬುಕ್ಕಿನವರು 2016ರಲ್ಲಿ ಕಚೇರಿಗಳಿಗೆಂದೇ ವರ್ಕ್‌ಪ್ಲೇಸ್ ಎಂಬುದನ್ನು ತೆರೆದು, 2024ರಲ್ಲಿ ಅದನ್ನು ಮುಚ್ಚುವುದಾಗಿ ಸಾರಿದರು. ಬಲವಿದ್ದ ಮಾತ್ರಕ್ಕೆ ಜಾಲ ನಿಲ್ಲುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈ ಲೇಖಕನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಇಲ್ಲಿ ಹೇಳಬಹುದು. ಸಂಸ್ಥೆಯ ಹೆಸರು ಬೇಡ. ನಾನು ಕೆಲಸದಲ್ಲಿದ್ದ ಕಚೇರಿಯೊಂದರಲ್ಲಿ ಇಂಥ ತಂತ್ರಾಂಶವನ್ನು ಬಹಳ ಸಂಭ್ರಮದಿಂದ ಉದ್ಘಾಟಿಸಿದರು. ಪ್ರತಿಯೊಬ್ಬನೂ ವಾರಕ್ಕೊಂದು ಬರಹವನ್ನು ಹಾಕತಕ್ಕದ್ದೆಂದು ಸುತ್ತೋಲೆ ಬಂದಿತು. ಜನ ಆಜ್ಞೆಯನ್ನು ಶಿರಸಾವಹಿಸಿ ಶುಭೋದಯದ ಚಿತ್ರಗಳನ್ನೂ ಸುಭಾಷಿತಗಳನ್ನೂ ಹಾಕಿದರು. ಒಂದು ದಿನ ಉಗ್ರಾಣದ ಹಳೆಯ ನೌಕರರೊಬ್ಬರು, ಮಳೆಗಾಲದಲ್ಲಿ ಉಗ್ರಾಣ ಸೋರಿ ಸರಕು ಹಾಳಾಗುತ್ತಿದೆಯೆಂದೂ ಮೂರು ಸಲ ಅರ್ಜಿ ಕೊಟ್ಟರೂ ಪ್ರಯೋಜನವಾಗಲಿಲ್ಲವೆಂದೂ ನಾಲ್ಕು ಸಾಲು ಬರೆದರು. ಬೆಳಗಾಗುವುದರೊಳಗೆ ಆ ನಾಲ್ಕು ಸಾಲು ಮಾಯವಾಗಿದ್ದವು. ಅವರನ್ನು ಯಾರೂ ಗದರಿಸಲಿಲ್ಲ. ಏನೂ ನಡೆಯದವರಂತೆ ಇದ್ದರು, ಅಷ್ಟೆ. ಮಾಡು ಸೋರುತ್ತಲೇ ಇದ್ದಿತು. ಅಂದಿನಿಂದ ಆ ತಾಣದಲ್ಲಿ ಶುಭೋದಯದ ಹೊರತು ಇನ್ನೇನೂ ಕಾಣಲಿಲ್ಲ. ನನ್ನ ಕಣ್ಣಿಗೆ ಆಗ ಶಿವಾಲದ ಸಿಪಾಯಿಗಳು ಬಂದು ನಿಂತರು. ಬಂದೂಕ ಕೊಟ್ಟು ಮದ್ದು ಕೊಡದೆ ಅವರನ್ನು ಕಳುಹಿಸಿದ್ದರು; ನಮಗೆ ತಂತ್ರಾಂಶ ಕೊಟ್ಟು ಬಾಯಿ ಕೊಟ್ಟಿರಲಿಲ್ಲ.

ಹಾಗಾದರೆ ಜನ ತಾವಾಗಿಯೇ ಅಪ್ಪಿಕೊಂಡ ಸಾಧನ ಯಾವುದು? ನಮ್ಮ ದೇಶದ ಸಣ್ಣ ವ್ಯಾಪಾರದ ಮಟ್ಟಿಗೆ ಅದು ವಾಟ್ಸಾಪ್. 2009ರಲ್ಲಿ ಹುಟ್ಟಿದ ಇದು, 2016ರ ಅನಂತರ ಅಂತರ್ಜಾಲದ ದರ ಇಳಿದಾಗ ಅಂಗಡಿ, ಮಗ್ಗ, ಮಂಡಿಗಳನ್ನೆಲ್ಲ ಹೊಕ್ಕಿತು. ಕಾಶಿಯ ನೇಕಾರನು ಸೀರೆಯನ್ನು ಬಟ್ಟೆಯಲ್ಲಿ ಸುತ್ತಿ ಚೌಕದ ಕುಂಜ್ ಗಲಿಗೆ ಒಯ್ದು, ಗದ್ದಿಯ ಮುಂದೆ ಕಾದು ಕೂರುತ್ತಿದ್ದ ಕಾಲವೊಂದಿದ್ದಿತು. ಈಗಲೂ ಅದು ಪೂರ್ತಿ ಹೋಗಿಲ್ಲ. ಆದರೆ ಇಂದು ಅವನು ಮಗ್ಗದ ಮೇಲಿರುವ ಸೀರೆಯ ಚಿತ್ರವನ್ನೇ ತೆಗೆದು ದೂರದ ಊರಿನ ಗಿರಾಕಿಗೆ ಕಳುಹಿಸಬಲ್ಲ. ಬೆಂಗಳೂರಿನ ಗೃಹಿಣಿಯೊಬ್ಬಳು ಅಂಚಿನ ಬಣ್ಣವನ್ನು ಬದಲಿಸಲು ಹೇಳಬಲ್ಲಳು. ನಡುವಣ ನಾಲ್ಕು ಕೈಗಳಲ್ಲಿ ಒಂದೆರಡಾದರೂ ಕಡಮೆಯಾದರೆ ಆ ಲಾಭ ನೇಕಾರನಿಗೆ ಉಳಿದೀತು.

ಇದರಲ್ಲಿ ಮುಳ್ಳೂ ಇದೆ. ಚಿತ್ರ ಹೋದಲ್ಲಿಗೆ ವಿನ್ಯಾಸವೂ ಹೋಗುತ್ತದೆ. ಹಿಂದೆ ನಕ್ಷಾಬಂದರು ನೂಲಿನಲ್ಲಿ ಕಟ್ಟಿಡುತ್ತಿದ್ದ ಬುಟ್ಟಾ ಬೇಲುಗಳ ಗುಟ್ಟು ತಂದೆಯಿಂದ ಮಗನಿಗೆ ಬರುತ್ತಿದ್ದಿತು. ಈಗ ಕೈಮಗ್ಗದಲ್ಲಿ ತಿಂಗಳುಗಟ್ಟಲೆ ಕೂತು ನೇಯ್ದ ಮಾದರಿಯನ್ನು ಯಾರೋ ಒಬ್ಬರು ಚಿತ್ರದಿಂದಲೇ ನಕಲುಮಾಡಿ, ಬೇರೆಲ್ಲಿಯೋ ಯಂತ್ರದ ಮಗ್ಗದಲ್ಲಿ ಅಗ್ಗದ ನೂಲಿನಿಂದ ನೂರಾರು ಸೀರೆ ಇಳಿಸುತ್ತಾರೆಂದು ಕಾಶಿಯ ನೇಕಾರರ ಅಳಲು. 2009ರಲ್ಲಿ ಬನಾರಸಿನ ಸೀರೆಗಳಿಗೆ ಭೌಗೋಳಿಕ ಗುರುತು ದೊರೆತಿದೆ, ನಿಜ. ಆದರೆ ಬೆರಳ ತುದಿಯಲ್ಲಿ ಹಾರುವ ಚಿತ್ರವನ್ನು ಕಾಯಿದೆ ಬೆನ್ನಟ್ಟಿ ಹಿಡಿಯುವುದು ಸುಲಭವಲ್ಲ. ಹಂಚಿಕೊಂಡವನಿಗೆ ಹಂಚಿಕೊಂಡದ್ದರ ಫಲ ಸಿಕ್ಕದೆಹೋದರೆ ಅವನು ನಾಳೆ ಹಂಚಿಕೊಳ್ಳುವುದಿಲ್ಲ. ಕಚೇರಿಯ ನೌಕರನ ಮಾತೂ ಇದೇ. ಅವನು ಕೊಟ್ಟ ಉಪಾಯಕ್ಕೆ ಮೇಲಿನವರು ತಮ್ಮ ಹೆಸರನ್ನು ಅಂಟಿಸಿಕೊಂಡರೆ ಅವನ ಬಾಯಿ ಅಂದಿಗೇ ಕಟ್ಟಿತು.

ಇನ್ನೊಂದು ಮುಳ್ಳು ಹೊತ್ತಿನದು. ಕೋಠಿಯ ದೀಪ ಆರಿದ ಮೇಲೆ ಮುನೀಮನ ಹೊತ್ತು ಅವನದೇ ಆಗಿದ್ದಿತು. ಇಂದು ರಾತ್ರಿ ಹತ್ತು ಗಂಟೆಗೆ, ಮಗುವನ್ನು ಮಲಗಿಸುವ ಹೊತ್ತಿಗೆ, ಕಚೇರಿಯ ಗುಂಪಿನಲ್ಲಿ ಗಂಟೆ ಬಾರಿಸುತ್ತದೆ. ಓದಿದ ಗುರುತು ಬೀಳುವುದರಿಂದ ನೋಡಲಿಲ್ಲವೆಂದು ಹೇಳುವಂತೆಯೂ ಇಲ್ಲ. ಕೆಲಸದ ವೇಳೆಯ ಆಚೆಗೆ ಇಂಥ ಕರೆಗಳಿಂದ ದೂರವಿರುವ ಹಕ್ಕನ್ನು ಫ್ರಾನ್ಸ್ ದೇಶವು 2017ರಿಂದ ಕಾಯಿದೆಯಲ್ಲಿಯೇ ಸೇರಿಸಿದೆ. ನಮ್ಮ ಸಂಘದ ತರುಣ ಸದಸ್ಯರು ಇದನ್ನು ಓದಿ ನಿಟ್ಟುಸಿರು ಬಿಡುವರೆಂಬುದರಲ್ಲಿ ಸಂಶಯವಿಲ್ಲ.

ಈಗ ಎಲ್ಲವನ್ನೂ ಒಟ್ಟಿಗೆ ನೋಡೋಣ. ಶಿವಾಲದಲ್ಲಿ ಕಂಪನಿ ಮುಗ್ಗರಿಸಿದ್ದು ಪತ್ರಗಳ ಕೊರತೆಯಿಂದಲ್ಲ, ಕೆಳಗಿನವರ ಮಾತು ಮೇಲಕ್ಕೆ ಏರುವ ದಾರಿಯಿಲ್ಲದ್ದರಿಂದ. ಸಾಹುಕಾರರ ಹುಂಡಿ ದೇಶವನ್ನೆಲ್ಲ ಸುತ್ತಿದ್ದು ಕಾಗದದ ಗಟ್ಟಿತನದಿಂದಲ್ಲ, ಪತ್ತಿನಿಂದ. ನೌಪಟ್ಟಿ ಸೊರಗಿದ್ದು ಬಾಗಿಲು ಮುಚ್ಚಿಕೊಂಡದ್ದರಿಂದ. ಧರ್ಮಪತ್ರಿ ಹಳ್ಳಿಗಳನ್ನು ಮುಟ್ಟಿದ್ದು ಅದನ್ನು ಕಳುಹಿಸಿದವರ ಮಾತಿಗೆ ಬೆಲೆಯಿದ್ದುದರಿಂದ. ಬೆಂಗಳೂರಿನ ಒಳತಾಣ ಕೆಡತೊಡಗಿದ್ದು ಸಹಾಯವನ್ನು ನಾಣ್ಯದಲ್ಲಿ ಅಳೆದಾಗ. ಸುಧಾರಿಸಿದ್ದು ಮೆಚ್ಚುಗೆಗೆ ಮರಳಿದಾಗ. ಇವೆಲ್ಲ ಹೇಳುವುದು ಒಂದೇ ಮಾತು. ತಂತ್ರಾಂಶವೆಂಬುದು ಮಗ್ಗ, ನಂಬಿಕೆಯೇ ನೂಲು. ಮಗ್ಗವನ್ನು ಹಣ ಕೊಟ್ಟು ಕೊಳ್ಳಬಹುದು. ನೂಲನ್ನು ಮಾತ್ರ ದಿನದಿನವೂ ತೆಗೆಯಬೇಕು.

ಆದುದರಿಂದ ಹೊಸ ಸಾಧನವನ್ನು ತಮ್ಮ ಸಂಸ್ಥೆಗೆ ತರಬೇಕೆಂದಿರುವವರು ಮೊದಲು ತಮ್ಮನ್ನು ತಾವೇ ಕೇಳಿಕೊಳ್ಳತಕ್ಕ ಪ್ರಶ್ನೆಗಳು ಕೆಲವಿವೆ. ಉಗ್ರಾಣ ಸೋರುತ್ತಿದೆಯೆಂದು ಬರೆದವನ ಸಾಲು ಬೆಳಗಿಗೂ ಅಲ್ಲಿಯೇ ಇರುವುದೇ? ಯಜಮಾನನು ತಾನೂ ಆ ಕಟ್ಟೆಯ ಮೇಲೆ ಕೂತು, ಇತರರಂತೆ ಪ್ರಶ್ನೆ ಕೇಳಿ, ತಪ್ಪಾದರೆ ತಪ್ಪಾಯಿತೆನ್ನುವನೇ? ಹೇಳಿದವನ ಹೆಸರು ಹೇಳಿದವನಿಗೇ ಉಳಿಯುವುದೇ? ಈ ಮೂರಕ್ಕೆ ಹೌದೆಂಬ ಉತ್ತರವಿದ್ದರೆ ಅಗ್ಗದ ಸಾಧನವೂ ಸಾಕು. ಇಲ್ಲವಾದರೆ ಎಷ್ಟು ದುಬಾರಿಯದನ್ನು ತಂದರೂ ಅದು ಶುಭೋದಯದ ಫಲಕವೇ ಸರಿ.

ಕಡೆಗೊಂದು ಮಾತು, ನಮ್ಮ ಮನೆಯದು. 1956ನೆಯ ನವೆಂಬರ್ 1ರಂದು ಕನ್ನಡನಾಡು ಒಂದಾಗುವುದಕ್ಕೆ ಮುನ್ನ ಕನ್ನಡಿಗರು ಹಲವು ಆಡಳಿತಗಳ ಕೆಳಗೆ ಚದರಿಹೋಗಿದ್ದರು. 1890ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಿಂದ ಮೊದಲುಗೊಂಡು, ಊರೂರಿನ ಸಂಘಗಳು, ಪತ್ರಿಕೆಗಳು, ಸಮ್ಮೇಳನಗಳು ಎಳೆಗೆ ಎಳೆ ಸೇರಿಸಿ ಆ ಜಾಲವನ್ನು ಹೆಣೆದವು. ಅದರದೇ ಒಂದು ಎಳೆ ಈ ನಮ್ಮ ನಗರದ ಸಂಘ. ನಮಗೂ ಈಗ ಮೊಬೈಲಿನ ಗುಂಪೊಂದಿದೆ. ಅದರಲ್ಲಿ ಹಿರಿಯರು ಮಾತ್ರ ಮಾತನಾಡಿ ಕಿರಿಯರು ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾಗುವಂತಾದರೆ, ಮುಂದೊಂದು ದಿನ ನಮ್ಮದೂ ನೌಪಟ್ಟಿಯೇ. ಹೊಸದಾಗಿ ಊರಿಗೆ ಬಂದ ಕನ್ನಡದ ಹುಡುಗನೊಬ್ಬನು ಬಾಡಿಗೆಗೆ ಮನೆ ಎಲ್ಲಿ ಸಿಕ್ಕೀತೆಂದು ಕೇಳಿದಾಗ ಹತ್ತು ಕಡೆಯಿಂದ ಉತ್ತರ ಬರುವಂತಾದರೆ, ಆಗ ಜಾಲವು ಸಾರ್ಥಕ. ಕಾಶಿಗೆ ಹೋದವರು ಕರ್ನಾಟಕ ಘಾಟಿನಿಂದ ನಾಲ್ಕು ಹೆಜ್ಜೆ ಮುಂದೆ ನಡೆದು, ಶಿವಾಲದ ಆ ಕಿಟಕಿಗಳನ್ನು ಒಮ್ಮೆ ನೋಡಿ ಬರಲಿ. ರುಮಾಲಿಗೆ ರುಮಾಲು ಗಂಟುಹಾಕಿದ್ದರಿಂದ ಅಲ್ಲೊಬ್ಬನು ದಡ ಸೇರಿದನು, ಗಂಟು ಗಟ್ಟಿಯಾಗಿದ್ದಿತು.